ಊರು ನಮ್ಮದು, ಹೆಸರಿನ ಪಹಣಿ ಯಾರದು?

ಬೆಂಗಳೂರಿನಲ್ಲಿ ಕೂತು ಅಮೆರಿಕದವನ ಅಂಗಡಿಗೆ ಜಾಲತಾಣ ಕಟ್ಟಿಕೊಡುವ ಕನ್ನಡದ ತರುಣ ತರುಣಿಯರೇ, ನಿಮಗೊಂದು ನೇರ ಪ್ರಶ್ನೆ. ನಿಮ್ಮ ಅಪ್ಪನ ಅಂಗಡಿಯ ಹೆಸರು, ನಿಮ್ಮೂರ ದೇವಸ್ಥಾನದ ಹೆಸರು, ನೀವು ಓದಿದ ಶಾಲೆಯ ಹೆಸರು ಅಂತರ್ಜಾಲದಲ್ಲಿ ಯಾರ ವಶದಲ್ಲಿದೆ? ಎಂದಾದರೂ ಹುಡುಕಿ ನೋಡಿದ್ದೀರಾ?

2023ರ ಡಿಸೆಂಬರ್ 27ರಂದು ನಾಮಫಲಕದಲ್ಲಿ ಕನ್ನಡ ಬೇಕೆಂದು ಬೆಂಗಳೂರಿನ ಬೀದಿಗಳಲ್ಲಿ ಹೋರಾಟ ನಡೆಯಿತು. ಬಂಧನಗಳಾದವು. 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು ಎಂದಾಯಿತು. ಬಹಳ ಒಳ್ಳೆಯದು. ಆದರೆ ಅದೇ ಫಲಕದ ಕೊನೆಯ ಸಾಲನ್ನು ಒಮ್ಮೆ ಓದಿ. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಡಾಟ್ ಕಾಂ ಅಥವಾ ಡಾಟ್ ಇನ್ ವಿಳಾಸ ಇರುತ್ತದೆ. ಮೇಲಿನ ಶೇ. 60ಕ್ಕೆ ಲಾಠಿ ತಿಂದ ನಾವು ಕೆಳಗಿನ ಆ ಒಂದು ಸಾಲು ಯಾರ ಸ್ವತ್ತು ಎಂದು ಕೇಳಲೇ ಇಲ್ಲ. ಇವತ್ತಿನ ಗಿರಾಕಿ ಬೀದಿಯ ಫಲಕ ನೋಡಿ ಬರುವುದಕ್ಕಿಂತ ಹೆಚ್ಚಾಗಿ ಆ ಸಾಲನ್ನು ಹಿಡಿದೇ ಬರುತ್ತಾನೆ!

ನಾನು ಅರಸೀಕೆರೆಯಲ್ಲಿ ಮುದ್ರಣಾಲಯ ಇಟ್ಟುಕೊಂಡವನು. ಓದಿದ್ದು ಪಿಯುಸಿವರೆಗೆ. ಕಂಪ್ಯೂಟರ್ ಪಂಡಿತನಲ್ಲ. ಆದರೆ ಈ ಸೀಮೆಯ ಹೆಸರುಗಳೆಲ್ಲ ಒಂದಲ್ಲ ಒಂದು ದಿನ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಕೊಬ್ಬರಿ ಮಂಡಿಯ ರಸೀದಿ, ಬೇಲೂರು-ಹಳೇಬೀಡಿನ ಹೋಟೆಲುಗಳ ವಿಸಿಟಿಂಗ್ ಕಾರ್ಡು. ಒಂದು ಕಾಲಕ್ಕೆ ಕಾರ್ಡಿನ ಕೆಳಗೆ ಪಿ.ಪಿ. ನಂಬರ್ ಇರುತ್ತಿತ್ತು. ಆಮೇಲೆ ಮೊಬೈಲ್ ನಂಬರ್ ಬಂತು. ಈಗ ಜಾಲತಾಣದ ವಿಳಾಸ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಎರಡು ಕೋಣೆಯ ಮನೆ ಇದ್ದವರೂ ಹೋಮ್‌ಸ್ಟೇ ಮಾಡಿ, 'ಕಾರ್ಡಿಗೆ ಒಂದು ವೆಬ್‌ಸೈಟ್ ಹಾಕ್ಬಿಡಿ ಸಾರ್' ಅನ್ನುತ್ತಾರೆ. ಹಾಕುತ್ತೇನೆ. ಹಾಕುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಯಾರ ಹೆಸರಲ್ಲಿದೆ? ಹತ್ತರಲ್ಲಿ ಎಂಟು ಜನಕ್ಕೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಅದಕ್ಕೇ ಮೊದಲು ವಿಷಯವನ್ನು ಬಿಡಿಸಿ ಹೇಳುತ್ತೇನೆ. ಡೊಮೈನ್ ಹೆಸರು ಎಂದರೆ ಅಂತರ್ಜಾಲದಲ್ಲಿ ನಿಮ್ಮ ಬಾಗಿಲಿನ ವಿಳಾಸ. ಅದು ಜಾಲತಾಣವಲ್ಲ. ಜಾಲತಾಣ ಮನೆ ಇದ್ದಂತೆ, ಕೆಡವಿ ಮತ್ತೆ ಕಟ್ಟಬಹುದು. ಹೆಸರು ಸೈಟಿನ ಹಾಗೆ, ಒಬ್ಬನ ಹೆಸರಿಗಿದ್ದರೆ ಇನ್ನೊಬ್ಬನಿಗಿಲ್ಲ. ಆದರೆ ಇದಕ್ಕೆ ಕ್ರಯಪತ್ರ ಇಲ್ಲ ಎಂಬುದನ್ನು ನೆನಪಿಡಿ. ಎಲ್ಲರೂ 'ಕೊಂಡುಕೊಂಡೆ' ಅನ್ನುತ್ತಾರೆ, ಯಾರೂ ಕೊಂಡಿರುವುದಿಲ್ಲ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಗುತ್ತಿಗೆ ಹಿಡಿದಿರುತ್ತಾರೆ, ಅಷ್ಟೇ. ಗುತ್ತಿಗೆ ಹಣ ಕಟ್ಟುವುದು ನಿಂತ ದಿನ ಹೆಸರು ಕೈಬಿಡುವ ದಾರಿ ಹಿಡಿಯುತ್ತದೆ.

ಈ ವ್ಯವಸ್ಥೆಯಲ್ಲಿ ಮೂರು ಮೆಟ್ಟಿಲು. ಮೇಲೆ ಮೂಲ ದಫ್ತರು. ಡಾಟ್ ಇನ್‌ಗೆ ಅದು ನಿಕ್ಸಿ, 2003ರಲ್ಲಿ ಹುಟ್ಟಿದ ಸಂಸ್ಥೆ. 2005ರಲ್ಲಿ ಡಾಟ್ ಇನ್ ಅನ್ನು ಸಾಮಾನ್ಯ ಜನರಿಗೆ ತೆರೆದಿಟ್ಟರು. ಜಗತ್ತಿನ ಒಟ್ಟು ಏರ್ಪಾಟನ್ನು 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಐಕ್ಯಾನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ನಡುವಿನ ಮೆಟ್ಟಿಲಲ್ಲಿ ನಿಮಗೆ ಹೆಸರು ಮಾರುವ ಕಂಪನಿಗಳು, ಅವಕ್ಕೆ ರಿಜಿಸ್ಟ್ರಾರ್ ಎನ್ನುತ್ತಾರೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಹಾಗೆ ಇವರು ಸರ್ಕಾರದವರಲ್ಲ, ಖಾಸಗಿ ವ್ಯಾಪಾರಿಗಳು. ಕೊನೆಯ ಮೆಟ್ಟಿಲಲ್ಲಿ ನೀವು. ದಫ್ತರಿನಲ್ಲಿ ಯಾರ ಹೆಸರು, ಯಾರ ಇ-ಮೇಲ್ ಬರೆದಿದೆಯೋ ಅವನೇ ಗುತ್ತಿಗೆದಾರ. ಹಣ ಯಾರು ಕೊಟ್ಟರು, ಬೋರ್ಡು ಯಾರು ಹಾಕಿಸಿದರು, ಅಂಗಡಿ ಎಷ್ಟು ತಲೆಮಾರಿನದು ಎಂದು ಆ ದಫ್ತರು ಕೇಳುವುದಿಲ್ಲ. ಪಹಣಿಯ ಕಾಲಂನಲ್ಲಿ ಇನ್ನೊಬ್ಬನ ಹೆಸರು ಕೂರಿಸಿ ಹೊಲ ಉತ್ತವನ ಗತಿ ಏನಾಗುತ್ತದೆಂದು ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಆಗುತ್ತಿರುವುದೂ ಅದೇ.

ಬೇಲೂರು ರಸ್ತೆಯ ಒಬ್ಬ ಯಜಮಾನರ ಕಥೆ ಕೇಳಿ. ಹೋಮ್‌ಸ್ಟೇ ಮಾಡಿದರು. ಬೆಂಗಳೂರಿನ ಒಂದು ಪುಟ್ಟ ಕಂಪನಿಗೆ ಮೂವತ್ತು ಸಾವಿರ ಕೊಟ್ಟು ಜಾಲತಾಣ ಮಾಡಿಸಿದರು. ನನ್ನಲ್ಲಿ 2,000 ಬಣ್ಣದ ಕರಪತ್ರ ಅಚ್ಚಾಯಿತು. ಎರಡು ವರ್ಷ ಚೆನ್ನಾಗಿ ನಡೆಯಿತು. ಒಂದು ದಿನ ಹುಬ್ಬಳ್ಳಿಯ ಗಿರಾಕಿಯೊಬ್ಬರು ಫೋನ್ ಮಾಡಿ, 'ನಿಮ್ಮ ವೆಬ್‌ಸೈಟ್ ತೆಗೆದರೆ ಇಸ್ಪೀಟ್ ಆಟ ಬರ್ತದಲ್ರೀ' ಎಂದರು! ಹೆಸರನ್ನು ಆ ಕಂಪನಿಯವರು ತಮ್ಮ ಇ-ಮೇಲ್‌ನಲ್ಲಿ, ತಮ್ಮ ಖಾತೆಯಲ್ಲಿ ನೋಂದಾಯಿಸಿದ್ದರು. ಕಂಪನಿ ಮುಚ್ಚಿತು, ನವೀಕರಣದ ನೋಟೀಸು ಮುಚ್ಚಿದ ಕಂಪನಿಯ ಅಂಚೆಪೆಟ್ಟಿಗೆಗೆ ಹೋಯಿತು, ಅವಧಿ ಮುಗಿಯಿತು, ಯಾರೋ ಎತ್ತಿಕೊಂಡರು. ವಾಪಸ್ ಕೇಳಿದರೆ ಅರವತ್ತು ಸಾವಿರ ಅಂದರು. ಯಜಮಾನರು ಕೊಡಲಿಲ್ಲ, ಬೇರೆ ಹೆಸರು ಹಿಡಿದರು. ಹಳೆಯ ಕರಪತ್ರ ಇನ್ನೂ ಯಾವ ಯಾವ ಬಸ್ಸಿನ ಸೀಟಿನ ಸಂದಿಯಲ್ಲಿದೆಯೋ, ಯಾರನ್ನು ಇಸ್ಪೀಟಿಗೆ ಕರೆಯುತ್ತಿದೆಯೋ!

ನಮ್ಮ ಕಸುಬಿನಲ್ಲಿ ಒಂದು ಹಳೆಯ ಕಟ್ಟುಪಾಡಿದೆ. 1867ರ ಬ್ರಿಟಿಷ್ ಕಾಯ್ದೆಯ ಕಾಲದಿಂದ ಅಚ್ಚಾದ ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕನ ಹೆಸರು, ಊರು ಇರಲೇಬೇಕು ಎಂದಿತ್ತು. ಕಾಯ್ದೆ 2024ರಲ್ಲಿ ಬದಲಾಗಿರಬಹುದು, ಆದರೆ ಅಚ್ಚಿನ ಕೆಲಸದವರಿಗೆ ಆ ಒಂದು ಸಾಲಿನ ಬೆಲೆ ಗೊತ್ತು. ಅದಕ್ಕೂ ಬಹಳ ಹಿಂದೆ ನಮ್ಮ ಶಿಲ್ಪಿಗಳಿಗೆ ಗೊತ್ತಿತ್ತು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡರು. ದೇವರು ವಿಷ್ಣುವರ್ಧನನದು, ಹಣ ವಿಷ್ಣುವರ್ಧನನದು, ಆದರೂ ಕೈಕೆಲಸದ ಮೇಲೆ ಕೈಯವನ ಹೆಸರು. ಒಂಬತ್ತು ನೂರು ವರ್ಷವಾದರೂ ಅಳಿಸಿಲ್ಲ. ಅದೇ ದೇವಸ್ಥಾನದ ಮುಂದೆ ಅಂಗಡಿ ಇಟ್ಟವನು ತನ್ನ ಅಂಗಡಿಯ ಹೆಸರಿನ ಕೆಳಗೆ ಯಾರೋ ಗೊತ್ತಿಲ್ಲದವನ ರುಜು ಹಾಕಿಸಿಕೊಂಡು ಕೂತಿದ್ದಾನೆ.

ಈಗ ಕೊಳ್ಳುವ ವಿಚಾರ. ರಿಜಿಸ್ಟ್ರಾರ್ ಜಾಲತಾಣದಲ್ಲಿ ಹೆಸರು ಹುಡುಕಿ, ಖಾಲಿ ಇದ್ದರೆ ಕಾರ್ಡಿನಲ್ಲೋ ಯುಪಿಐನಲ್ಲೋ ಹಣ ಕಟ್ಟಿದರೆ ಹತ್ತು ನಿಮಿಷದ ಕೆಲಸ. ಡಾಟ್ ಇನ್‌ಗೆ ಗುರುತಿನ ದಾಖಲೆ ಕೇಳುತ್ತಾರೆ, ಕೊಡಿ. ಮೋಸ ಇರುವುದು ಬೆಲೆಯಲ್ಲಿ. ದೊಡ್ಡ ಅಕ್ಷರದಲ್ಲಿ ಮೊದಲ ವರ್ಷದ ಬೆಲೆ ನೂರೋ ಇನ್ನೂರೋ ಎಂದಿರುತ್ತದೆ. ಎರಡನೇ ವರ್ಷ ಅದು ಹಲವು ಪಟ್ಟು ಏರುತ್ತದೆ. ಬೀಗರೂಟಕ್ಕೆ ಕರೆದು ಊಟದ ಬಿಲ್ಲು ಕೊಟ್ಟ ಹಾಗೆ! ಆದ್ದರಿಂದ ಕೊಳ್ಳುವಾಗ ನೋಡಬೇಕಾದ ಬೆಲೆ ನವೀಕರಣದ ಬೆಲೆ. ಅದರ ಮೇಲೆ ಜಿಎಸ್‌ಟಿ. ಹಣ ಕಟ್ಟುವ ಪುಟದಲ್ಲಿ ಅದೂ ಬೇಕಾ, ಇದೂ ಬೇಕಾ ಎಂದು ನಾಲ್ಕಾರು ಸಾಮಾನು ಬುಟ್ಟಿಗೆ ತಾನೇ ಹಾಕಿರುತ್ತಾನೆ, ಬೇಡದ್ದನ್ನು ತೆಗೆಯಿರಿ. ಹೆಸರು ಒಬ್ಬರಲ್ಲಿ, ಜಾಲತಾಣ ಇಡುವ ಜಾಗ ಇನ್ನೊಬ್ಬರಲ್ಲಿ ಇದ್ದರೂ ನಡೆಯುತ್ತದೆ. ಹೆಸರು ಯಾವ ಕಂಪ್ಯೂಟರಿನತ್ತ ಕೈತೋರಿಸಬೇಕು ಎಂಬುದನ್ನು ಡಿಎನ್‌ಎಸ್ ಎಂಬ ಪಟ್ಟಿಯಲ್ಲಿ ಬರೆದರಾಯಿತು. ಜಾಲತಾಣಕ್ಕೊಂದು ಸಾಲು, ಇ-ಮೇಲ್‌ಗೊಂದು ಸಾಲು. ನಿಮ್ಮಂಥ ಓದಿದವರಿಗೆ ಇದು ಮಕ್ಕಳಾಟ. ನಿಮ್ಮ ಅಪ್ಪನಿಗಲ್ಲ. ಅದಕ್ಕೇ ಈ ಲೇಖನ ನಿಮಗೆ.

ನವೀಕರಣದ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಸರುಗಳು ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಡಾಟ್ ಕಾಂ ಹೆಸರಿನ ಅವಧಿ ಮುಗಿದ ಕೂಡಲೇ ಅದು ಬೀದಿಗೆ ಬೀಳುವುದಿಲ್ಲ. ರಿಜಿಸ್ಟ್ರಾರ್ ಮೇಲೆ ಅವಲಂಬಿಸಿ ಹೆಚ್ಚೆಂದರೆ 45 ದಿನ ಮಾಮೂಲು ದರದಲ್ಲಿ ಉಳಿಸಿಕೊಳ್ಳುವ ಅವಕಾಶ. ಅದೂ ಕಳೆದರೆ 30 ದಿನದ ಇನ್ನೊಂದು ಗಡುವು, ಆದರೆ ಆಗ ದಂಡ ಸೇರಿ ಬೆಲೆ ಹಲವು ಪಟ್ಟು. ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ. ಆರನೇ ದಿನ ಮೊದಲು ಬಂದವನಿಗೆ! ಆ ಕ್ಷಣಕ್ಕೆ ಕಾದು ಕೂತ ಯಂತ್ರಗಳಿವೆ, ಮನುಷ್ಯನ ಬೆರಳು ಅವಕ್ಕೆ ಸಾಟಿಯಲ್ಲ. ಎಷ್ಟೋ ಹೆಸರುಗಳನ್ನು ಇಷ್ಟು ದೂರ ಹೋಗುವ ಮೊದಲೇ ರಿಜಿಸ್ಟ್ರಾರ್‌ಗಳು ಹರಾಜಿಗೆ ಹಾಕುವುದೂ ಉಂಟು. ಹಳೆಯ ಹೆಸರಿಗೇ ಏಕೆ ಇಷ್ಟು ಬೇಡಿಕೆ? ಅದನ್ನು ಹಿಡಿದು ಬರುವ ಹಳೆಯ ಗಿರಾಕಿಗಳಿರುತ್ತಾರಲ್ಲ, ಅವರಿಗೆ ಇಸ್ಪೀಟು ತೋರಿಸಲು!

ಸಂಘ ಸಂಸ್ಥೆಗಳ ಪಾಡು ಇನ್ನೂ ಕೆಟ್ಟದ್ದು. ಹಳೆಯ ವಿದ್ಯಾರ್ಥಿಗಳ ಸಂಘ, ಯುವಕ ಸಂಘ, ಕನ್ನಡ ಸಂಘ, ಸಹಕಾರ ಸಂಘ. ಉತ್ಸಾಹದ ಕಾರ್ಯದರ್ಶಿ ತನ್ನ ಸ್ವಂತ ಜಿಮೇಲ್‌ನಲ್ಲಿ ಹೆಸರು ನೋಂದಾಯಿಸುತ್ತಾನೆ. ಮುಂದಿನ ಚುನಾವಣೆಯಲ್ಲಿ ಸೋಲುತ್ತಾನೆ. ಮುನಿಸಿನಲ್ಲಿ ಪಾಸ್‌ವರ್ಡ್ ಕೊಡುವುದಿಲ್ಲ. ರಬ್ಬರ್ ಸ್ಟಾಂಪು, ನಡಾವಳಿ ಪುಸ್ತಕ, ಚೆಕ್ ಬುಕ್ಕುಗಳನ್ನು ಹಸ್ತಾಂತರ ಮಾಡುವಾಗ ಡೊಮೈನ್ ಖಾತೆಯನ್ನೂ ಪಟ್ಟಿಯಲ್ಲಿ ಬರೆದು ರುಜು ಹಾಕಿಸಿಕೊಳ್ಳಬೇಕು. ಸಂಘದ ಹೆಸರಿನಲ್ಲೇ ಒಂದು ಇ-ಮೇಲ್ ಇರಬೇಕು. ಒಟಿಪಿ ಬರುವ ಮೊಬೈಲ್ ಯಾರದೆಂಬುದು ನಡಾವಳಿಯಲ್ಲಿರಬೇಕು. ಐದು ವರ್ಷದ ಹಣ ಒಟ್ಟಿಗೆ ಕಟ್ಟುವುದು ಇನ್ನೂ ಜಾಣತನ. ಇನ್ನೊಂದು ಮಾತು: ಆ ಹೆಸರಿಗೆ ಸೇರಿದ ಇ-ಮೇಲನ್ನೇ ಆ ಹೆಸರಿನ ಖಾತೆಗೆ ಕೊಡಬೇಡಿ. ಹೆಸರು ಹೋದರೆ ಇ-ಮೇಲೂ ಹೋಗುತ್ತದೆ, ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡಂತೆ.

ನಿಮ್ಮ ಹೆಸರು ಬೇರೊಬ್ಬರ ಖಾತೆಯಲ್ಲಿದೆ, ಅವರು ಇನ್ನೂ ಸಿಗುತ್ತಾರೆ ಎಂದಾದರೆ ಇವತ್ತೇ ಕೇಳಿ. ವರ್ಗಾವಣೆಗೆ 'ಅಥ್ ಕೋಡ್' ಎಂಬ ಗುಪ್ತ ಸಂಖ್ಯೆ ಇರುತ್ತದೆ, ಅದನ್ನು ಕೊಟ್ಟರೆ ಹೆಸರನ್ನು ನಿಮ್ಮ ರಿಜಿಸ್ಟ್ರಾರ್ ಖಾತೆಗೆ ಎಳೆದುಕೊಳ್ಳಬಹುದು. ಹೊಸದಾಗಿ ನೋಂದಾಯಿಸಿದ ಡಾಟ್ ಕಾಂ ಹೆಸರನ್ನು ಮೊದಲ 60 ದಿನ ಹೀಗೆ ಸಾಗಿಸುವಂತಿಲ್ಲ. ಯಾವುದೇ ಹೆಸರಿನ ನೋಂದಣಿ ತಾರೀಕು, ಮುಗಿಯುವ ತಾರೀಕು, ರಿಜಿಸ್ಟ್ರಾರ್ ಯಾರು ಎಂಬುದನ್ನು 'ಹೂ ಈಸ್' ಹುಡುಕಾಟದಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲು ಒಡೆಯನ ಹೆಸರು, ಫೋನೂ ಕಾಣುತ್ತಿತ್ತು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಬಹುಪಾಲು ಮುಚ್ಚಿದ್ದಾರೆ.

ಇನ್ನು ಯಾವ ಹೆಸರು ಹಿಡಿಯಬೇಕು? ಇಲ್ಲಿ ನಮ್ಮೂರಿನ ತಮಾಷೆ ಇದೆ. ಅರಸೀಕೆರೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ರೈಲ್ವೆಯವರು 'ಆರ್' ಆದಮೇಲೆ 'ಎ' ಬಿಡುತ್ತಾರೆ, ಉಳಿದ ಎಷ್ಟೋ ಜನ ಹಾಕುತ್ತಾರೆ. ಹಳೇಬೀಡಿಗೆ ಕೊನೆಯಲ್ಲಿ 'ಯು' ಇಲ್ಲದ ಬ್ರಿಟಿಷರ ಕಾಲದ ರೂಪ ಒಂದು, ಇರುವುದು ಒಂದು, ನಡುವೆ ಎರಡು 'ಇ' ಇರುವುದು ಇನ್ನೊಂದು. ಬೇಲೂರು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಬಂಗಾಳದ ರಾಮಕೃಷ್ಣ ಮಠ ಮೊದಲು ಎದುರಾಗುತ್ತದೆ. ಬೇಲೂರಿಗೆ ಚೆನ್ನಕೇಶವ ಬಂದದ್ದು 1117ರಲ್ಲಿ, ಆದರೆ ಹುಡುಕುಯಂತ್ರಕ್ಕೆ ವಯಸ್ಸಿನ ಗೌರವ ಇಲ್ಲ! ಆದ್ದರಿಂದ ಊರಿನ ಹೆಸರನ್ನು ಸೇರಿಸುವವರು ಬಳಕೆಯ ಎರಡು ಕಾಗುಣಿತವನ್ನಾದರೂ ಹಿಡಿದು, ಒಂದನ್ನು ಇನ್ನೊಂದಕ್ಕೆ ತಿರುಗಿಸಿ ಬಿಡಬೇಕು. 2014ರ ನವೆಂಬರ್ 1ರಂದು ಬೆಂಗಳೂರು ಸೇರಿ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ನಮ್ಮ ಲೆಟರ್‌ಹೆಡ್ಡುಗಳೆಲ್ಲ ಹೊಸದಾಗಿ ಅಚ್ಚಾದವು. ಜಾಲತಾಣದ ವಿಳಾಸ ಅಷ್ಟು ಸುಲಭವಾಗಿ ಮರುಮುದ್ರಣ ಆಗುವುದಿಲ್ಲ. ಹೊಸದನ್ನು ಹಿಡಿಯಬೇಕು, ಹಳೆಯದನ್ನು ಬಿಡಲೂಬಾರದು.

'ಇಷ್ಟೆಲ್ಲ ಇಂಗ್ಲಿಷ್ ಗೋಜಲು ಏಕೆ, ಕನ್ನಡದಲ್ಲೇ ವಿಳಾಸ ಬರೆಯೋಕೆ ಆಗಲ್ವಾ?' ಎಂದು ಬೇಲೂರಿನ ಬಟ್ಟೆ ಅಂಗಡಿಯವರೊಬ್ಬರು ನನ್ನನ್ನು ಕೇಳಿದರು. ಕೇಳಿದ್ದು ಎಲ್ಲಿಯವರು? ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಕ್ಕ ತಾಲ್ಲೂಕಿನವರು! ಆಗುತ್ತದೆ ಸ್ವಾಮಿ. ಹೆಸರೂ ಕನ್ನಡ, ಚುಕ್ಕಿಯ ನಂತರದ ಬಾಲವೂ ಕನ್ನಡ: ಡಾಟ್ ಭಾರತ ಎಂದು ಕನ್ನಡ ಅಕ್ಷರದಲ್ಲೇ. ಇದು ಬಂದ ದಾರಿಯನ್ನೂ ತಿಳಿದಿರಿ. 2011ರಲ್ಲಿ ಜಗತ್ತಿನ ಮೂಲ ಪಟ್ಟಿಗೆ ನಮ್ಮ ದೇಶದ 7 ರೂಪಗಳು ಸೇರಿದವು. ದೇವನಾಗರಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು, ತಮಿಳು, ತೆಲುಗು. ಕನ್ನಡ ಇರಲಿಲ್ಲ! ಮೂರು ವರ್ಷದ ಹಿಂದೆಯಷ್ಟೇ, 2008ರಲ್ಲಿ, ಶಾಸ್ತ್ರೀಯ ಭಾಷೆಯೆಂದು ಶಾಲು ಹೊದಿಸಿಕೊಂಡಿದ್ದೆವು. ಸನ್ಮಾನಕ್ಕೆ ಕರೆದರು, ಸಾಲಿನಲ್ಲಿ ನಿಲ್ಲುವಾಗ ಹಿಂದಕ್ಕೆ ತಳ್ಳಿದರು. ಎರಡನೇ ಕಂತಿನಲ್ಲಿ ಮಲಯಾಳ, ಒಡಿಯಾ, ಅಸ್ಸಾಮಿ ಮುಂತಾದವುಗಳ ಜೊತೆ ಕನ್ನಡ ಬಂತು. ಈಗ ಒಟ್ಟು 15.

ಬಂದ ಮೇಲೆ ನಾವೇನು ಮಾಡಿದೆವು? ಎಲ್ಲ ರಿಜಿಸ್ಟ್ರಾರ್‌ಗಳೂ ಕನ್ನಡದ ಹೆಸರು ಮಾರುವುದಿಲ್ಲ, ಏಕೆಂದರೆ ಕೇಳುವವರಿಲ್ಲ. ಕೇಳುವವರಿಲ್ಲ, ಏಕೆಂದರೆ ಇದೆಯೆಂದೇ ಗೊತ್ತಿಲ್ಲ. ತೊಂದರೆಗಳಿವೆ, ಮುಚ್ಚಿಡುವುದಿಲ್ಲ. ಅಂತರ್ಜಾಲದ ಹೊಟ್ಟೆಯೊಳಗೆ ಇಂದಿಗೂ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ ಬಿಟ್ಟು ಬೇರೇನೂ ಅರಗುವುದಿಲ್ಲ. ನೀವು ಕನ್ನಡದಲ್ಲಿ 'ಭಾರತ' ಎಂದು ಟೈಪಿಸಿದರೆ ಬ್ರೌಸರ್ ಅದನ್ನು 'ಎಕ್ಸ್‌ಎನ್' ಎಂದು ಆರಂಭವಾಗಿ, ಎರಡು ಅಡ್ಡಗೆರೆ ಹಾಕಿ, '2ಎಸ್‌ಸಿಆರ್‌ಜೆ9ಸಿ' ಎಂಬ ಸಂಕೇತಕ್ಕೆ ತಿರುಗಿಸಿ ಕಳಿಸುತ್ತದೆ. ಮೊಳೆ ಜೋಡಿಸುವ ಕಾಲದಲ್ಲಿ ನಮ್ಮ ಕಂಪೋಸಿಟರ್‌ಗಳಿಗೆ ಯಾವ ಅಕ್ಷರ ಯಾವ ಗೂಡಿನಲ್ಲಿದೆ ಎಂದು ಗೊತ್ತಿರುತ್ತಿತ್ತಲ್ಲ, ಹಾಗೆ ಅದು ಗೂಡಿನ ಗುರುತು. ಓದುಗನಿಗೆ ಕಾಣಬೇಕಾದ್ದು ಅಕ್ಷರ. ಆದರೆ ಕೆಲವು ಕಡೆ ಆ ಗೂಡಿನ ಗುರುತೇ ಬಯಲಾಗಿ ವಿಳಾಸ ವಿಕಾರವಾಗಿ ಕಾಣುತ್ತದೆ. ಎಷ್ಟೋ ಅರ್ಜಿ ನಮೂನೆಗಳು ಕನ್ನಡದ ಇ-ಮೇಲ್ ವಿಳಾಸ ಕೊಟ್ಟರೆ 'ತಪ್ಪು' ಎನ್ನುತ್ತವೆ. ಆ ನಮೂನೆಗಳಿಗೆ ಕೋಡ್ ಬರೆಯುವವರಲ್ಲಿ ನೀವೂ ಇದ್ದೀರಿ ತರುಣರೇ! ರಾಜಸ್ಥಾನ ಸರ್ಕಾರ 2017ರಲ್ಲೇ ತನ್ನ ಜನರಿಗೆ ಹಿಂದಿ ಅಕ್ಷರದ ಉಚಿತ ಇ-ಮೇಲ್ ವಿಳಾಸ ಕೊಡಲು ಹೊರಟಿತ್ತು. ಹಿಂದಿಗೆ ಆದದ್ದು ಕನ್ನಡಕ್ಕೆ ಏಕಾಗದು ಎಂದು ವಿಧಾನಸೌಧಕ್ಕೆ ಕೇಳಲು ನಾಮಫಲಕಕ್ಕೆ ಬೇಕಾದಷ್ಟು ಗಟ್ಟಿ ದನಿಯೇ ಬೇಕು.

ಕನ್ನಡದ ಹೆಸರು ಹಿಡಿಯುವಾಗ ಎರಡು ಎಚ್ಚರ. ಅರಸೀಕೆರೆಯೋ ಅರಸಿಕೆರೆಯೋ, ಹಳೇಬೀಡೋ ಹಳೆಬೀಡೋ ಎಂಬ ಗೊಂದಲ ಕನ್ನಡದಲ್ಲೂ ಇದೆ. ಲಗ್ನಪತ್ರಿಕೆಯ ಕರಡು ತಿದ್ದುವಾಗ ಗಂಡಿನ ಕಡೆಯವರು ದೀರ್ಘ ಕೊಟ್ಟರೆ ಹೆಣ್ಣಿನ ಕಡೆಯವರು ತೆಗೆಯುತ್ತಾರೆ. ಕರಪತ್ರದಲ್ಲಿ ನಡೆಯುತ್ತದೆ, ವಿಳಾಸದಲ್ಲಿ ಒಂದು ದೀರ್ಘ ತಪ್ಪಿದರೆ ಬೇರೆ ಮನೆ. ಎರಡನೆಯದು, ರಾಜ್‌ಕುಮಾರ್ ಎಂದು ಬರೆಯುವಾಗ 'ಜ'ಗೆ 'ಕ' ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ಅಂಥ ಕಾಣದ ಗುರುತು ಬೇಡುವ ಹೆಸರನ್ನು ವಿಳಾಸಕ್ಕೆ ಆರಿಸಬೇಡಿ. ಸರಳವಾಗಿ, ಅಜ್ಜಿಯೂ ತಪ್ಪಿಲ್ಲದೆ ಟೈಪಿಸುವಂಥ ಹೆಸರು ಹುಡುಕಿ. ಸದ್ಯಕ್ಕೆ ಇಂಗ್ಲಿಷ್ ಅಕ್ಷರದ ಒಂದು, ಕನ್ನಡದ ಒಂದು, ಎರಡೂ ಹಿಡಿದು ಒಂದೇ ಜಾಲತಾಣಕ್ಕೆ ಜೋಡಿಸುವುದು ಸರಿ. ಕಾರ್ಡಿನಲ್ಲಿ ಕನ್ನಡದ್ದನ್ನು ಮೇಲೆ ಅಚ್ಚು ಹಾಕಿಸಿ.

ಮಾರಾಟದ ಮಾತಿಗೆ ಬರೋಣ, ಏಕೆಂದರೆ ನಿಮ್ಮಲ್ಲಿ ಕೆಲವರಿಗೆ ಅದೇ ಆಸೆ ಎಂದು ಗೊತ್ತು. 2010ರಲ್ಲಿ ಇನ್ಶೂರೆನ್ಸ್ ಡಾಟ್ ಕಾಂ ಎಂಬ ಹೆಸರು 3 ಕೋಟಿ 56 ಲಕ್ಷ ಡಾಲರಿಗೆ ಹೋಯಿತು. 2019ರಲ್ಲಿ ವಾಯ್ಸ್ ಡಾಟ್ ಕಾಂ 3 ಕೋಟಿ ಡಾಲರಿಗೆ. ಟುವಾಲು ಎಂಬ ಪುಟ್ಟ ದ್ವೀಪದೇಶ ತನ್ನ ಡಾಟ್ ಟಿವಿ ಬಾಲದಿಂದಲೇ ಖಜಾನೆ ತುಂಬಿಕೊಳ್ಳುತ್ತದೆ. ಬೆಂಗಳೂರಿನ ಕಂಪನಿಗಳು ಮೆರೆಸುವ ಡಾಟ್ ಎಐ ಕೂಡ ಅಂಗ್ವಿಲಾ ಎಂಬ ದ್ವೀಪದ್ದು. ಇದನ್ನೆಲ್ಲ ಓದಿ ಬಾಯಲ್ಲಿ ನೀರು ಬಂದರೆ ಈ ಲೆಕ್ಕ ಹಾಕಿ: ನೂರು ಹೆಸರು ಹಿಡಿದಿಟ್ಟರೆ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಬಾಡಿಗೆ. ಮಾರಾಟವಾಗುವುದು ಯಾವುದೋ ಒಂದೆರಡು, ಅದೂ ಯಾವಾಗಲೋ. ಅಚ್ಚಾಗಿ ಗೋದಾಮಿನಲ್ಲಿ ಕೂತ ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತದೆ, ಇಲ್ಲಿ ಗೆದ್ದಲಿನ ಹೆಸರು ನವೀಕರಣ. 'ನಿಮ್ಮ ಹೆಸರಿಗೆ ಗಿರಾಕಿ ಇದ್ದಾರೆ, ಮೊದಲು ಮೌಲ್ಯಮಾಪನದ ಶುಲ್ಕ ಕಟ್ಟಿ' ಎಂದು ಬರುವ ಪತ್ರ ಮೋಸದ್ದು. 'ಚೀನಾದ ಕಂಪನಿ ನಿಮ್ಮ ಹೆಸರು ನೋಂದಾಯಿಸುತ್ತಿದೆ' ಎಂಬುದೂ ಅಷ್ಟೇ. ನಿಜವಾದ ಕೊಡುಕೊಳ್ಳುವಿಕೆ ಇದ್ದರೆ ಹಣ ನಡುವಿನವರ ಬಳಿ ಇರುವ ಎಸ್ಕ್ರೋ ವ್ಯವಸ್ಥೆಯಲ್ಲಿ ಮಾಡಿ. ಹೆಸರು ಕೈಸೇರಿದ ಮೇಲೆ ಹಣ ಬಿಡುಗಡೆ.

ಸಾಮಾನ್ಯ ಪದವನ್ನು ಮೊದಲೇ ಹಿಡಿದು ಮಾರುವುದು ವ್ಯಾಪಾರ. ಇನ್ನೊಬ್ಬ ಬೆವರು ಸುರಿಸಿ ಬೆಳೆಸಿದ ಹೆಸರನ್ನು ಹಿಡಿದಿಟ್ಟು ಹಣ ಕೇಳುವುದು ಸುಲಿಗೆ. ಇದು ಬರೀ ನನ್ನ ಅಭಿಪ್ರಾಯವಲ್ಲ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಆರಂಭವಾದ ಒಂದು ವ್ಯಾಜ್ಯ ಇದೆ. ಸತ್ಯಂ ಇನ್ಫೋವೇ ಕಂಪನಿ 'ಸಿಫಿ' ಎಂಬ ಹೆಸರು ಕಟ್ಟಿಕೊಂಡಿತ್ತು. ಇನ್ನೊಂದು ಕಂಪನಿ ಒಂದು 'ಎಫ್' ಹೆಚ್ಚಿಗೆ ಸೇರಿಸಿ 'ಸಿಫ್ಫಿನೆಟ್' ಎಂದು ಹೆಸರು ಹಿಡಿಯಿತು. ನಮ್ಮ ಐವರ ಹೆಸರಿನ ಮೊದಲಕ್ಷರ ಜೋಡಿಸಿದ್ದೇವೆ ಎಂದು ಸಮರ್ಥನೆ! ಕೆಳಗಿನ ನ್ಯಾಯಾಲಯ ತಡೆ ಕೊಟ್ಟಿತು, ಹೈಕೋರ್ಟ್ ತೆಗೆಯಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯನ್ನು ಎತ್ತಿಹಿಡಿಯಿತು. ಡೊಮೈನ್ ಹೆಸರಿಗೂ ವ್ಯಾಪಾರದ ಗುರುತಿನ ರಕ್ಷಣೆ ಉಂಟು ಎಂದು ದೇಶಕ್ಕೆಲ್ಲ ಸಾರಿದ ತೀರ್ಪು ಅದು. ಡಾಟ್ ಇನ್ ಹೆಸರಿಗೆ ಕೋರ್ಟಿಗೆ ಹೋಗದೆ ನಿಕ್ಸಿಯ ಪಂಚಾಯ್ತಿಗೂ ದೂರು ಕೊಡಬಹುದು. ಹೆಸರು ನನ್ನದನ್ನು ಹೋಲುತ್ತದೆ, ಅವನಿಗೆ ಅದರಲ್ಲಿ ಹಕ್ಕಿಲ್ಲ, ದುರುದ್ದೇಶವಿದೆ ಎಂದು ತೋರಿಸಬೇಕು. ಆದರೆ ಅದಕ್ಕೂ ಶುಲ್ಕ, ವಕೀಲ, ತಿಂಗಳುಗಳು. ದೊಡ್ಡ ಕಂಪನಿ ಮಾಡುತ್ತದೆ. ಹೋಮ್‌ಸ್ಟೇ ಯಜಮಾನರು ಮಾಡುತ್ತಾರಾ?

ಹೆಸರು ಸುಳ್ಳಾದರೆ ಪರಿಣಾಮ ಜೇಬಿಗೆ ಮಾತ್ರವಲ್ಲ. 2022ರಲ್ಲಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ಮಾಡಿ ಭಕ್ತರಿಂದ ಕೋಟಿಗಟ್ಟಲೆ ಹಣ ಪಡೆದ ಆರೋಪದ ಮೇಲೆ ಅಲ್ಲಿನ ಅರ್ಚಕರ ವಿರುದ್ಧ ದೂರು ದಾಖಲಾಯಿತು. ನಕಲಿ ಬ್ಯಾಂಕ್ ಜಾಲತಾಣಗಳ ಕಾಟಕ್ಕೆ ರಿಸರ್ವ್ ಬ್ಯಾಂಕ್ 2025ರಲ್ಲಿ, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ 'ಬ್ಯಾಂಕ್ ಡಾಟ್ ಇನ್' ಬಾಲಕ್ಕೆ ಬರಬೇಕು ಎಂದು ಗಡುವು ಕೊಟ್ಟಿತು. ಬೇರೆಯವರಿಗೆ ಆ ಬಾಲ ಸಿಗದು. ಮನೆಯಲ್ಲಿ ಹಿರಿಯರಿಗೆ ಇದೊಂದನ್ನು ಹೇಳಿಕೊಟ್ಟರೂ ಪುಣ್ಯ.

2021ರ ಜೂನ್ ಮೊದಲ ವಾರ ನೆನಪಿದೆಯಾ? ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ 'ಕನ್ನಡ' ಎಂದು ತೋರಿಸಿತ್ತು. ಊರಿಗೆ ಊರೇ ಕೆರಳಿತು, ಗೂಗಲ್ ಕ್ಷಮೆ ಕೇಳಿತು. ಆ ಉತ್ತರ ಎಲ್ಲಿಂದ ಬಂದಿತ್ತು ಗೊತ್ತೇ? ಸಾಲ ತೀರಿಸುವ ವಿಷಯದ ಹೆಸರಿಟ್ಟುಕೊಂಡ, ಯಾರಿಗೂ ಗೊತ್ತಿಲ್ಲದ ಒಂದು ಜಾಲತಾಣದಿಂದ! ಯಾವನೋ ಬಾಡಿಗೆಗೆ ಹಿಡಿದ ಒಂದು ಹೆಸರು, ಅದರಲ್ಲಿ ತುಂಬಿದ ಒಂದು ಸಾಲು ಕಸ, ಆರು ಕೋಟಿ ಜನರ ಭಾಷೆಗೆ ಮಸಿ. ನಾವು ಕ್ಷಮೆ ಕೇಳಿಸಿದೆವು, ಸರಿ. ನಮ್ಮ ಬೇಲೂರು, ಹಳೇಬೀಡು, ಅರಸೀಕೆರೆಯ 1220ರ ಈಶ್ವರ ದೇವಾಲಯ, ನಮ್ಮ ಕೊಬ್ಬರಿ, ನಮ್ಮ ಜಾತ್ರೆ ಇವುಗಳ ಬಗ್ಗೆ ನಮ್ಮ ಸ್ವಾಧೀನದ ಹೆಸರಿನಲ್ಲಿ, ನಮ್ಮ ಭಾಷೆಯಲ್ಲಿ ಬರೆದಿಟ್ಟದ್ದು ಎಷ್ಟಿದೆ? ಖಾಲಿ ಸೈಟಿನಲ್ಲಿ ಪಕ್ಕದ ಬೀದಿಯವನು ಕಸ ಸುರಿಯುತ್ತಾನೆ. 1996ರಲ್ಲೇ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಹೆಸರು ಹಿಡಿದು ಕನ್ನಡದ ಅಂತರ್ಜಾಲ ಪತ್ರಿಕೆ ತಂದರು. ಆಗ ಕನ್ನಡ ಅಕ್ಷರ ಪರದೆಯ ಮೇಲೆ ಮೂಡಿಸುವುದೇ ಸಾಹಸವಾಗಿತ್ತು. ಇವತ್ತು ನಿಮ್ಮ ಅಂಗೈಯಲ್ಲಿ ಎಲ್ಲ ಇದೆ.

ಆದ್ದರಿಂದ ಮುಂದಿನ ಸಾರಿ ಹಬ್ಬಕ್ಕೆ ರೈಲು ಹತ್ತಿ ಊರಿಗೆ ಬಂದಾಗ ಅಂಗಡಿಯ ಹಳೆಯ ಬಿಲ್ ಬುಕ್ಕನ್ನು ತೆಗೆದುಕೊಂಡು, ಅದರ ಮೇಲಿನ ವಿಳಾಸವನ್ನು ಹುಡುಕಿ, ಮುಗಿಯುವ ತಾರೀಕು ನೋಡಿ. ಬೇರೆಯವರ ಖಾತೆಯಲ್ಲಿದ್ದರೆ ಅಪ್ಪನ ಹೆಸರಿಗೆ ತನ್ನಿ, ಅಪ್ಪನ ಮೊಬೈಲಿಗೆ ಒಟಿಪಿ ಬರುವಂತೆ ಮಾಡಿ. 'ನಾನಿದ್ದೀನಲ್ಲ, ನನ್ನ ಹೆಸರಲ್ಲೇ ಇರಲಿ' ಎನ್ನಬೇಡಿ, ನೀವು ನಾಳೆ ಅಮೆರಿಕಕ್ಕೆ ಹೋಗುವವರು. ವಿಳಾಸವೇ ಇಲ್ಲದಿದ್ದರೆ ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು ಹಿಡಿಯಿರಿ. ನವೀಕರಣದ ತಾರೀಕನ್ನು ದೇವರ ಪಟದ ಪಕ್ಕದ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದು ಹೋಗಿ. ಕ್ಯಾಲೆಂಡರು ಬೇಕಾದರೆ ನಮ್ಮ ಪ್ರೆಸ್ಸಿಗೆ ಬನ್ನಿ, ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಪುಕ್ಕಟೆ ಕೊಡುತ್ತೇನೆ.